ಸಾಲ್ಪೆತ್ರಿಯೇರಿನ ರೋಗಿಗಳೂ ಸೋಂಕಿನ ಭಯವೂ

ಪ್ಯಾರಿಸಿನಲ್ಲಿ ಸೇನ್ ನದಿಯ ಎಡದಂಡೆಗೆ ಸಮೀಪವಾಗಿ ಒಂದು ಕಾಲಕ್ಕೆ ಕೋವಿಮದ್ದಿನ ಕಾರ್ಖಾನೆಯಿದ್ದ ಸ್ಥಳವು, 1656ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಆಜ್ಞೆಯಂತೆ, ದಿಕ್ಕಿಲ್ಲದ ಬಡ ಹೆಂಗಸರಿಗೂ ವೃದ್ಧೆಯರಿಗೂ ಬುದ್ಧಿಭ್ರಮಣೆಯಾದವರಿಗೂ ಆಶ್ರಯವಾಗಿ, ಕ್ರಮೇಣ ಸೆರೆಮನೆಯೂ ಆಗಿ ಮಾರ್ಪಟ್ಟಿತು. ಸಾಲ್ಪೆತ್ರಿಯೇರ್ ಎಂಬ ಈ ಆಸ್ಪತ್ರೆಗೆ 1862ರಲ್ಲಿ ಮುಖ್ಯ ವೈದ್ಯನಾಗಿ ಬಂದ ಜಾನ್ ಮಾರ್ಟಿನ್ ಶಾರ್ಕೋನಿಗೆ ಅಲ್ಲಿ ದೊರೆತುದು ಸುಮಾರು 5,000 ನಿವಾಸಿಗಳ ಒಂದು ಊರು. ಗುಣವಾಗದವರೆಂದು ಲೋಕವು ಕೈಬಿಟ್ಟಿದ್ದ ಆ ಸ್ತ್ರೀಯರನ್ನು ಅವನು ವರ್ಷಾನುಗಟ್ಟಲೆ ಕಂಡು, ಅವರು ಬದುಕಿದ್ದಾಗಿನ ಲಕ್ಷಣಗಳನ್ನು ಮರಣಾನಂತರ ಮಿದುಳಿನಲ್ಲಿಯೂ ಮಿದುಳುಬಳ್ಳಿಯಲ್ಲಿಯೂ ತೋರಿದ ವಿಕಾರಗಳೊಡನೆ ಹೊಂದಿಸಿ ನೋಡಿದನು.

ಅವನ ಪರೀಕ್ಷೆ ಅತ್ಯಂತ ಸರಳವಾದುದು. ಸುಮ್ಮನೆ ಕುಳಿತಿರುವಾಗ ನಿಶ್ಚಲವಾಗಿದ್ದ ರೋಗಿಯ ಕೈ, ನೀರಿನ ಲೋಟವನ್ನೆತ್ತಿ ಬಾಯಿಯತ್ತ ಒಯ್ಯುವಂತೆ ಹೇಳಿದೊಡನೆ ನಡುಗತೊಡಗಿ, ತುಟಿಗೆ ಸಮೀಪಿಸಿದಷ್ಟೂ ಆ ನಡುಕವು ಉಲ್ಬಣಿಸಿ, ನೀರು ಸೆರಗಿನ ಮೇಲೆ ಚೆಲ್ಲುತ್ತಿದ್ದಿತು. ವಿಶ್ರಾಂತಿಯಲ್ಲಿಯೇ ಕೈ ನಡುಗುವ ಪಾರ್ಕಿನ್ಸನ್ ರೋಗದಿಂದ ಇದನ್ನು ಬೇರ್ಪಡಿಸಿ, 1868ರಲ್ಲಿ ಅವನು ವರ್ಣಿಸಿದ ವ್ಯಾಧಿಯೇ ಇಂದಿನ ಮಲ್ಟಿಪಲ್ ಸ್ಕ್ಲೆರೋಸಿಸ್. ನರತಂತುಗಳ ಮೇಲಣ ಹೊದಿಕೆ ಅಲ್ಲಲ್ಲಿ ನಶಿಸಿ, ಆ ತಾಣಗಳು ಗಡುಸಾಗುವುದು ಇದರ ಸ್ವಭಾವ.

ಆದರೆ ಈ ರೋಗಿಗಳನ್ನು ಕೊನೆಗೆ ಬಲಿತೆಗೆದುಕೊಳ್ಳುತ್ತಿದ್ದುದು ಬಹುಮಟ್ಟಿಗೆ ನರರೋಗವಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯ, ಕ್ಷಯ, ಹಾಸಿಗೆಹುಣ್ಣುಗಳ ನಂಜು. ಕಾಲು ಸೋತು ಮಲಗಿದವಳಿಗೆ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿ ಕುಂದುತ್ತದೆ. ನುಂಗುವ ತುತ್ತು ದಾರಿತಪ್ಪಿ ಶ್ವಾಸನಾಳಕ್ಕೆ ಜಾರುತ್ತದೆ. ಮೂತ್ರವು ಪೂರ್ಣವಾಗಿ ಹೊರಹೋಗದೆ ಒಳಗೇ ಕೊಳೆಯುತ್ತದೆ. ಇದನ್ನು ಅರಿಯಲು ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ, ಶುಶ್ರೂಷೆಯ ಕಣ್ಣು ಸಾಕಾಗಿದ್ದಿತು.

ಶಾರ್ಕೋನ ಶಿಷ್ಯ ಪಿಯೆರ್ ಮಾರಿಯು 1884ರಲ್ಲಿ ಸೋಂಕೇ ಈ ರೋಗದ ಮೂಲವೆಂದು ವಾದಿಸಿದನು. ಆ ವಾದವು ದೀರ್ಘಕಾಲ ಮಸುಕಾಗಿದ್ದು, ಎಪ್ಸ್ಟೀನ್-ಬಾರ್ ವೈರಾಣುವಿನ ಕುರಿತಾಗಿ 2022ರಲ್ಲಿ ಪ್ರಕಟವಾದ ಅಮೆರಿಕದ ಸೈನಿಕರ ಅಧ್ಯಯನದಿಂದ ಮತ್ತೊಂದು ರೂಪದಲ್ಲಿ ಬಲಗೊಂಡಿದೆ. ಅಷ್ಟರಲ್ಲಿ ಚಿಕಿತ್ಸೆಯೂ ಬದಲಾಗಿದ್ದಿತು: 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಬಳಕೆಗೆ ಬಂದಿತು, 2017ರಲ್ಲಿ, ರಕ್ತದಲ್ಲಿದ್ದು ಪ್ರತಿಕಾಯಗಳಿಗೆ ಮೂಲವಾದ ಬಿ ಜೀವಕೋಶಗಳನ್ನು ತೆಗೆದುಹಾಕುವ ಓಕ್ರೆಲಿಜುಮ್ಯಾಬ್. ರೋಗವನ್ನು ತಡೆಯುವ ಸಲುವಾಗಿ ದೇಹದ ರಕ್ಷಣೆಯನ್ನೇ ಕೊಂಚ ತಗ್ಗಿಸುವ ಈ ಔಷಧಿಗಳ ಕಾಲದಲ್ಲಿ, 2020ರಲ್ಲಿ ಕೋವಿಡ್ ಬಂದಿತು. ಔಷಧವನ್ನು ನಿಲ್ಲಿಸಿದರೆ ನರಗಳಿಗೆ ಹಾನಿ, ಮುಂದುವರಿಸಿದರೆ ಸೋಂಕಿಗೆ ಬಾಗಿಲು ತೆರೆದಂತೆ ಎಂಬ ಸಂಕಟದಲ್ಲಿ ಸಾವಿರಾರು ಕುಟುಂಬಗಳು ಸಿಕ್ಕಿಕೊಂಡವು.

ಇದಕ್ಕೆ ಮೊದಲ ಉತ್ತರಗಳಲ್ಲೊಂದು ಬಂದುದು ಅದೇ ಸಾಲ್ಪೆತ್ರಿಯೇರಿನ ವೈದ್ಯೆ ಸೆಲಿನ್ ಲುವಾಪ್ರ್ ಅವರು ಮುಂದಾಗಿ ನಡೆಸಿದ ಫ್ರಾನ್ಸಿನ ಸಮೀಕ್ಷೆಯಿಂದ. ಆ ವರ್ಷದ ಮಾರ್ಚ್ ಮತ್ತು ಮೇ ತಿಂಗಳ ನಡುವೆ ಕೋವಿಡ್ ತಗುಲಿದ 347 ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ 73 ಮಂದಿಯ ಸ್ಥಿತಿ ಆಸ್ಪತ್ರೆಗೆ ಸೇರಿಸುವಷ್ಟು ಅಥವಾ ಅದಕ್ಕಿಂತಲೂ ಗಂಭೀರವಾಗಿದ್ದಿತು. 12 ಮಂದಿ ತೀರಿಕೊಂಡರು. ವಯಸ್ಸು, ಸ್ಥೂಲಕಾಯ, ಎಲ್ಲಕ್ಕೂ ಮಿಗಿಲಾಗಿ ನಡಿಗೆಯನ್ನು ಕಸಿದುಕೊಳ್ಳುವಷ್ಟು ಬಲಿತ ಅಂಗವೈಕಲ್ಯ, ಇವೇ ಅಪಾಯವನ್ನು ಹೆಚ್ಚಿಸಿದುವು. ಔಷಧಿಗಳನ್ನು ಸೇವಿಸುತ್ತಿದ್ದವರಲ್ಲಿ ಶೇಕಡಾ 15.5ರಷ್ಟು ಮಂದಿಗೆ ಸೋಂಕು ತೀವ್ರವಾದರೆ, ಯಾವ ಔಷಧವನ್ನೂ ಸೇವಿಸದವರಲ್ಲಿ ಆ ಪ್ರಮಾಣ ಶೇಕಡಾ 46. ಔಷಧವಿಲ್ಲದಿದ್ದವರಲ್ಲಿ ಅನೇಕರು ವಯಸ್ಸಾಗಿ ಹೆಚ್ಚು ಅಶಕ್ತರಾದವರೆಂಬುದನ್ನು ಮರೆತು ಈ ಅಂಕಿಗಳನ್ನು ಓದತಕ್ಕದ್ದಲ್ಲ. ಶಾರ್ಕೋನ ವಾರ್ಡಿನಲ್ಲಿ ಹಾಸಿಗೆ ಹಿಡಿದವರನ್ನೇ ನ್ಯುಮೋನಿಯ ಆರಿಸಿಕೊಳ್ಳುತ್ತಿದ್ದಿತೆಂಬ ಹಳೆಯ ಅನುಭವಕ್ಕೂ ಈ ಎಣಿಕೆಗೂ ಇರುವ ಸಾಮ್ಯವನ್ನು ನಾನು ಆಕಸ್ಮಿಕವೆಂದು ತಿಳಿಯಲಾರೆ.

ಆದರೂ ಔಷಧಿಗಳೆಲ್ಲವೂ ನಿರ್ದೋಷಿಗಳೆಂದು ಇದರಿಂದ ಸಿದ್ಧವಾಗಲಿಲ್ಲ. ಇಟಲಿಯ 844 ರೋಗಿಗಳನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿ ಜೀವಕೋಶಗಳನ್ನು ತೆಗೆಯುವ ಓಕ್ರೆಲಿಜುಮ್ಯಾಬ್, ರಿಟುಕ್ಸಿಮ್ಯಾಬ್‌ಗಳನ್ನು ಪಡೆಯುತ್ತಿದ್ದವರಲ್ಲಿಯೂ, ಸೋಂಕಿಗೆ ಮುನ್ನ ಒಂದು ತಿಂಗಳೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಪಡೆದಿದ್ದವರಲ್ಲಿಯೂ ಸೋಂಕು ತೀವ್ರವಾಗುವ ಸಂಭವ ಹೆಚ್ಚಾಗಿ ಕಂಡಿತು. ಬಿ ಜೀವಕೋಶಗಳನ್ನು ತೆಗೆಯುವ ಔಷಧಿಗಳು ಲಸಿಕೆಗೆ ಉತ್ತರವಾಗಿ ಪ್ರತಿಕಾಯಗಳು ಹುಟ್ಟುವುದನ್ನೂ ಕುಂಠಿಸುವುವೆಂದು ತಿಳಿದುಬಂದುದರಿಂದ, ಫ್ರಾನ್ಸಿನ ಆರೋಗ್ಯ ಇಲಾಖೆಯು 2021ರ ಏಪ್ರಿಲ್‌ನಲ್ಲಿ, ಇತರರಿಗೆ ಎರಡು ಚುಚ್ಚುಮದ್ದುಗಳೇ ಸಾಕೆಂದಿದ್ದ ಕಾಲದಲ್ಲಿ, ರಕ್ಷಣಾಶಕ್ತಿ ತೀವ್ರವಾಗಿ ಕುಗ್ಗಿದ ಇತರರೊಡನೆ ಈ ಔಷಧಿಗಳನ್ನು ಪಡೆಯುತ್ತಿದ್ದವರಿಗೂ ಮೂರನೆಯದನ್ನು ಕೊಡುವಂತೆ ವೈದ್ಯರಿಗೆ ಸೂಚಿಸಿತು.