ಮಣೆಯಿಂದ ಕುರ್ಚಿಗೆ

ಉಜಿರೆ ದಾಟಿ ಚಾರ್ಮಾಡಿ ಘಾಟಿಯ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರು ಮುಂಡಾಜೆ. ಸೋಮಂತಡ್ಕದಲ್ಲಿ ಬಸ್ಸಿಳಿದು ಅಡಿಕೆ ತೋಟದ ದಾರಿ ಹಿಡಿದರೆ ಇಂದಿಗೂ ಕೆಲವು ಹಳೆಯ ಹಂಚಿನ ಮನೆಗಳು ಕಾಣಸಿಗುತ್ತವೆ. ಅಂಥದೊಂದು ಮನೆಯ ಚಾವಡಿಯಲ್ಲಿ ಇತ್ತೀಚೆಗೆ ಒಂದು ಚರ್ಚೆ ನಡೆದಿತ್ತು. ಮನೆಯ ಮಗ ಬೆಂಗಳೂರಿನ ಕಂಪೆನಿಯೊಂದರ ಉದ್ಯೋಗಿ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರು ಈಗಲೂ ಹೆಚ್ಚಿನ ದಿನ ಇಲ್ಲಿಂದಲೇ ಕೆಲಸ ಮಾಡುತ್ತಾರೆ. ಊಟದ ಮೇಜಿನ ಕುರ್ಚಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಕುಳಿತು ಸೊಂಟ ಹಿಡಿದಿದೆ. ‘ಯಾವ ಕುರ್ಚಿ ತೆಗೆದುಕೊಳ್ಳುವುದು ಮಾರಾಯಾ? ನೀನು ಪೇಪರಿನವನಲ್ಲವಾ, ಹೇಳು’ ಎಂದರು. ಒಳಗಿನಿಂದ ಅವರ ಅಜ್ಜ ಕೇಳಿದ್ದು ಬೇರೆಯೇ ಪ್ರಶ್ನೆ: ‘ಕೂತು ಮಾಡುವ ಕೆಲಸಕ್ಕೆ ಮೈ ನೋಯುವುದು ಹೇಗೆ?’

ಎರಡೂ ಪ್ರಶ್ನೆಗಳು ನ್ಯಾಯವಾದವೇ. ಮೊದಲನೆಯದಕ್ಕೆ ಉತ್ತರ ಹೇಳುವ ಮುನ್ನ ಎರಡನೆಯದರ ಬೆನ್ನು ಹತ್ತಬೇಕಾಯಿತು. ಏಕೆಂದರೆ ಕುರ್ಚಿ ನಮ್ಮ ಮನೆಗಳಿಗೆ ಬಂದದ್ದು ಆರಾಮಕ್ಕಾಗಿ ಅಲ್ಲ, ಅಂತಸ್ತಿನ ಗುರುತಾಗಿ. ಆ ಹಳೆಯ ಅಭ್ಯಾಸ ಕುರ್ಚಿ ಕೊಳ್ಳುವಾಗ ಇಂದಿಗೂ ನಮ್ಮನ್ನು ದಾರಿ ತಪ್ಪಿಸುತ್ತದೆ.

ನೆಲವೇ ಆಸನ

ಕರಾವಳಿಯ ಹಳೆಯ ಮನೆಯಲ್ಲಿ ಬದುಕು ನಡೆಯುತ್ತಿದ್ದುದು ನೆಲದ ಮೇಲೆ. ಉಣ್ಣಲು ಮಣೆ, ಮಲಗಲು ಚಾಪೆ. ಅಡುಗೆಮನೆಯ ಉಪಕರಣಗಳನ್ನೇ ನೋಡಿ. ತರಕಾರಿ ಹೆಚ್ಚುವ ಮೆಟ್ಟುಕತ್ತಿ, ತೆಂಗಿನಕಾಯಿ ತುರಿಯುವ ಹೆರೆಮಣೆ ಎರಡಕ್ಕೂ ಮರದ ಹಲಗೆಯೇ ತಳ. ಆ ಹಲಗೆಯನ್ನು ಮೆಟ್ಟಿಯೋ, ಅದರ ಮೇಲೆ ಕುಳಿತೋ ಕೆಲಸ ಮಾಡಬೇಕು. ಕೂರುವವರ ಭಾರವೇ ಉಪಕರಣವನ್ನು ಅಲುಗಾಡದಂತೆ ಹಿಡಿದಿಡುತ್ತದೆ. ನೇಕಾರನ ಗುಂಡಿಮಗ್ಗ ಇನ್ನೂ ಜಾಣತನದ್ದು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಸಿ ಅಂಚಿನ ಮೇಲೆ ಕುಳಿತರೆ ನೆಲವೇ ಕುರ್ಚಿಯಾಯಿತು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ರಾತ್ರಿಯಿಡೀ ಅರ್ಥ ಹೇಳುತ್ತಿದ್ದ ತಾಳಮದ್ದಳೆಯ ಅರ್ಥಧಾರಿಗಳು ಕುರ್ಚಿಗೆ ಏರಿದ್ದು ತೀರಾ ಈಚೆಗೆ.

ಹಾಗೆಂದು ಎತ್ತರದ ಆಸನ ನಮಗೆ ತಿಳಿಯದ ಸಂಗತಿಯೇನಲ್ಲ. ಅಜಂತಾ, ಎಲ್ಲೋರಾದ ಗುಹೆಗಳಲ್ಲಿ ಕಾಲು ಇಳಿಬಿಟ್ಟು ಪೀಠದ ಮೇಲೆ ಕುಳಿತ ಬುದ್ಧನ ವಿಗ್ರಹಗಳಿವೆ. ಆದರೆ ಸಿಂಹಾಸನವಾಗಲಿ ಪೀಠವಾಗಲಿ ದೇವರಿಗೆ, ಅರಸನಿಗೆ, ಗುರುವಿಗೆ ಮೀಸಲು. ಉಳಿದವರ ಸ್ಥಾನ ಎಷ್ಟೆಂಬುದನ್ನು ನೆಲದ ಎತ್ತರವೇ ಹೇಳುತ್ತಿತ್ತು. ದೊಡ್ಡ ಮನೆಯ ಚಾವಡಿಯಲ್ಲಿ ದಣಿ, ಜಗಲಿಯಲ್ಲಿ ಬಂದ ನೆಂಟ, ಅಂಗಳದಲ್ಲಿ ಒಕ್ಕಲು, ಅಂಗಳಕ್ಕೂ ಬರಲಾಗದೆ ದೂರದಲ್ಲಿ ನಿಲ್ಲಬೇಕಾದವರು ಬೇರೆ. ‘ಮಣೆ ಹಾಕು’ ಎಂದರೆ ಗೌರವಿಸು ಎಂದರ್ಥ ಬಂದದ್ದು ಸುಮ್ಮನೆ ಅಲ್ಲ. ಮಣೆಯ ದಪ್ಪ ಒಂದು ಅಂಗುಲವೇ ಇರಲಿ, ಆ ಒಂದು ಅಂಗುಲ ಯಾರಿಗೆ ಎಂಬುದೇ ಪ್ರಶ್ನೆ.

ಕಚೇರಿಗೆ ಬಂದ ಕುರ್ಚಿ

‘ಕುರ್ಚಿ’ ಅರಬ್ಬಿಯ ‘ಕುರ್ಸಿ’ಯಿಂದ ಬಂದ ಮಾತು. ಕರಾವಳಿಯ ಕೊಂಕಣಿಯವರು ಹೇಳುವ ‘ಕದೆಲ್’, ಕಾಸರಗೋಡಿನಾಚೆಯ ಮಲೆಯಾಳಿಗಳ ‘ಕಸೇರ’ ಪೋರ್ಚುಗೀಸರ ‘ಕಡೇರಾ’ದಿಂದ ಬಂದವು ಎಂಬುದು ಸಾಮಾನ್ಯ ಅಭಿಪ್ರಾಯ. ಒಂದೇ ವಸ್ತು, ಎರಡು ದಾರಿಗಳಿಂದ ಬಂದ ಹೆಸರು. ತಮಿಳರು ಮಾತ್ರ ಎರವಲು ಪಡೆಯದೆ ‘ನಾಲ್ಕು ಕಾಲಿನದು’ ಎಂಬರ್ಥದಲ್ಲಿ ‘ನಾರ್ಕಾಲಿ’ ಎಂದುಬಿಟ್ಟರು.

ಬರೆಯುವ ಕೆಲಸಕ್ಕೂ ಹಿಂದೆ ಕುರ್ಚಿ ಬೇಕಿರಲಿಲ್ಲ. ಶ್ಯಾನುಭೋಗರು ನೆಲದ ಮೇಲೆ ಕುಳಿತು, ಕರಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದರು. ಎದುರಿಗೆ ಇಳಿಜಾರು ಮುಚ್ಚಳದ ಸಣ್ಣ ಪೆಟ್ಟಿಗೆ. ಹಳೆಯ ಪೇಟೆಗಳ ಜವಳಿ ಅಂಗಡಿಗಳಲ್ಲಿ ಗಾದಿಯ ಮೇಲೆ ಕೂರುವ ಪದ್ಧತಿಯಲ್ಲಿ ಅದರ ನೆರಳು ಉಳಿದಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ಕೈ ಸೇರಿತು. ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರನಾಗಿ ಬಂದ. ದೊರೆಗಳ ಕಚೇರಿಯೊಡನೆ ಮೇಜು–ಕುರ್ಚಿಯೂ ಬೇರು ಬಿಟ್ಟವು. ನೆಲದಲ್ಲಿ ಕುಳಿತು ಅಭ್ಯಾಸವಾದ ಊರಿನಲ್ಲಿ ಸರಕಾರ ಎಂಬುದು ಕುರ್ಚಿಯ ಮೇಲೆ ಕುಳಿತಿತ್ತು.

ಕುರ್ಚಿಯ ಈ ಮಹಿಮೆಯನ್ನು ಬ್ರಿಟಿಷರು ಚೆನ್ನಾಗಿ ಬಲ್ಲರು. ದಿಲ್ಲಿ, ಪಂಜಾಬ್ ಕಡೆಗಳಲ್ಲಿ ‘ಕುರ್ಸಿ ನಶೀನ್’ ಎಂಬ ಪದವಿಯೇ ಇತ್ತು. ಅಧಿಕಾರಿಯ ಎದುರು ಕುರ್ಚಿಯಲ್ಲಿ ಕೂರಲು ಅರ್ಹನೆಂದು ಬರೆದುಕೊಟ್ಟ ಪ್ರಮಾಣಪತ್ರ ಅದು! ದೊರೆಗಳು ಹೋದರೂ ಪದ್ಧತಿ ಪೂರ್ತಿ ಹೋಗಲಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಿಗೆ ಕೈಯಿಲ್ಲದ ಬೆತ್ತದ ಕುರ್ಚಿ, ಮೇಲಿನವರಿಗೆ ಕೈಯಿದ್ದದ್ದು, ಅವರಿಗೂ ಮೇಲಿನವರಿಗೆ ತಲೆಯವರೆಗೆ ಬೆನ್ನಿದ್ದು ಗಿರಕಿ ಹೊಡೆಯುವಂಥದ್ದು, ಅದರ ಮೇಲೊಂದು ಟರ್ಕಿ ಟವೆಲ್ಲು. ಹೆಚ್ಚು ಹೊತ್ತು ಕುಳಿತು ಬರೆಯುವವನಿಗೆ ಕಡಿಮೆ ಕುರ್ಚಿ. ಸಹಿ ಹಾಕಿ ಏಳುವವರಿಗೆ ದೊಡ್ಡ ಕುರ್ಚಿ. ಚುನಾವಣೆಯಲ್ಲಿ ಸೋತವರನ್ನು ಇಂದಿಗೂ ‘ಕುರ್ಚಿ ಕಳೆದುಕೊಂಡರು’ ಎಂದೇ ನಮ್ಮ ಪತ್ರಿಕೆಗಳು ಬರೆಯುವುದು.

ಈ ಕಥೆಗೆ ನಗು ತರಿಸದ ಮುಖವೂ ಉಂಟು. ಬಾಲಕ ಅಂಬೇಡ್ಕರ್ ಸಾತಾರಾದ ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ, ಮೂಲೆಯಲ್ಲಿ ಗೋಣಿಬಟ್ಟೆಯ ಮೇಲೆ ಕೂರಬೇಕಿತ್ತು. ಆ ಗೋಣಿಯನ್ನು ಮುಟ್ಟಲು ಶಾಲೆಯ ಜವಾನನೂ ಒಪ್ಪದ ಕಾರಣ ದಿನವೂ ಮನೆಗೆ ಒಯ್ದು ಮರಳಿ ತರಬೇಕಿತ್ತು. ತಮ್ಮ ಆತ್ಮಕಥನದ ಬರಹದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು ದಲಿತ ಮಕ್ಕಳಿಗೆಂದೇ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದ ಕಾಲವೂ ಅದರ ಆಸುಪಾಸಿನದೇ. ಅಂಗಳದಲ್ಲಿ ನಿಲ್ಲುತ್ತಿದ್ದ ಒಕ್ಕಲು 1974ರ ಭೂಸುಧಾರಣೆಯ ಬಳಿಕ ‘ಡಿಕ್ಲರೇಶನ್’ ಕೊಟ್ಟು, ನ್ಯಾಯಮಂಡಳಿಯ ಎದುರು ದಣಿಗೆ ಸಮನಾಗಿ ಬಂದ. ಈಚೆಗೆ ಮನೆಮನೆಗೂ ಬಂದ ಪ್ಲಾಸ್ಟಿಕ್ ಕುರ್ಚಿಯನ್ನು ಸೊಬಗಿಲ್ಲದ್ದು ಎಂದು ಜರೆಯುವವರಿದ್ದಾರೆ. ಆದರೆ ಮದುವೆ ಚಪ್ಪರದಲ್ಲಿ ಎಲ್ಲರನ್ನೂ ಒಂದೇ ಎತ್ತರದಲ್ಲಿ ಕೂರಿಸಿದ್ದು ಅದೇ ಎಂಬುದನ್ನು ಮರೆಯಬಾರದು.

ಬೆನ್ನಿನ ಲೆಕ್ಕ

ಹಾಗಾದರೆ ಕೆಲಸಕ್ಕೆಂದೇ ಕುರ್ಚಿ ಹುಟ್ಟಿದ್ದು ಯಾವಾಗ? ಪಶ್ಚಿಮದಲ್ಲಿ ಕಾರ್ಖಾನೆ, ರೈಲು, ಬ್ಯಾಂಕುಗಳು ಬೆಳೆದು ಬರೆಯುವವರ ಪಡೆಯೇ ಹುಟ್ಟಿಕೊಂಡಾಗ. 1849ರಲ್ಲಿ ಅಮೆರಿಕದ ಥಾಮಸ್ ವಾರನ್ ಸ್ಪ್ರಿಂಗಿನ ಮೇಲೆ ತಿರುಗುವ, ಓಲಾಡುವ, ಚಕ್ರವಿರುವ ಕುರ್ಚಿಯನ್ನು ರೂಪಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಜನ ನೋಡಿದರು. 1859ರಲ್ಲಿ ವಿಯೆನ್ನಾದ ಥೋನೆಟ್ ಸಂಸ್ಥೆ ಹಬೆಯಲ್ಲಿ ಬಗ್ಗಿಸಿದ ಮರದ ಆರು ತುಂಡು, ಹತ್ತು ತಿರುಪು, ಎರಡು ನಟ್ಟುಗಳಿಂದ ಜೋಡಿಸುವ ಕುರ್ಚಿ ಮಾಡಿತು. ಬಿಡಿಭಾಗಗಳನ್ನು ಒಂದು ಘನಮೀಟರ್ ಪೆಟ್ಟಿಗೆಯಲ್ಲಿ ಇಟ್ಟರೆ 36 ಕುರ್ಚಿಗಳು ಹಡಗೇರುತ್ತಿದ್ದವು. ಅದರ ಕೂರುವ ಭಾಗದಲ್ಲಿ ಏನಿತ್ತು? ಬೆತ್ತದ ಹೆಣಿಗೆ. ಅಂದರೆ ನಮ್ಮ ಹಳೆಯ ಮನೆಗಳ ಆರಾಮಕುರ್ಚಿಯಲ್ಲಿದ್ದದ್ದೇ. ಬೆವರು ಬಿಡದ ನಮ್ಮ ಕರಾವಳಿಯ ಹವೆಗೆ ಕಣ್ಣುಕಣ್ಣಾಗಿ ಹೆಣೆದ ಬೆತ್ತದಷ್ಟು ಹೊಂದುವ ವಸ್ತು ಬೇರೊಂದಿಲ್ಲ.

ಬೆನ್ನನ್ನು ಅಳೆದು ಕುರ್ಚಿ ಮಾಡಬೇಕೆಂಬ ಮಾತು ಬಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1948ರಲ್ಲಿ ಸ್ವೀಡನ್ನಿನ ವೈದ್ಯ ಬೆಂಗ್ಟ್ ಓಕರ್‌ಬ್ಲೂಮ್ ನಿಲ್ಲುವ, ಕೂರುವ ಭಂಗಿಗಳ ಕುರಿತು ಗ್ರಂಥ ಬರೆದು, ಸೊಂಟದ ಒಳಬಾಗಿಗೆ ಆಧಾರ ಬೇಕು ಎಂದರು. 1960ರ ದಶಕದಲ್ಲಿ ಅದೇ ದೇಶದ ಆಲ್ಫ್ ನಾಕೆಮ್‌ಸನ್ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯೊಳಗಿನ ಒತ್ತಡವನ್ನೇ ಅಳೆದರು. ನಿಂತಾಗಿನದಕ್ಕಿಂತ ಆಧಾರವಿಲ್ಲದೆ ಕುಳಿತಾಗ ಒತ್ತಡ ಹೆಚ್ಚು ಎಂದು ಕಂಡಿತು. ಆ ವ್ಯತ್ಯಾಸ ಅಷ್ಟು ದೊಡ್ಡದಲ್ಲ ಎಂದು 1999ರಲ್ಲಿ ಪ್ರಕಟವಾದ ಮತ್ತೊಂದು ಅಳತೆ ಹೇಳಿತು. ಆದರೆ ಮುಂದಕ್ಕೆ ಬಾಗಿದರೆ ಒತ್ತಡ ಏರುತ್ತದೆ, ಹಿಂದಕ್ಕೆ ಒರಗಿದರೆ ಇಳಿಯುತ್ತದೆ ಎಂಬುದರಲ್ಲಿ ತಕರಾರಿಲ್ಲ. ಅಜ್ಜನ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆಲದಲ್ಲಿ ಕುಳಿತವರು ಕಾಲು ಬದಲಿಸುತ್ತಾರೆ, ಗೋಡೆಗೆ ಒರಗುತ್ತಾರೆ, ನಡುವೆ ಎದ್ದು ಎಲೆಯಡಿಕೆ ಹಾಕಿಬರುತ್ತಾರೆ. ಪರದೆಯ ಮುಂದೆ ಕುಳಿತವರು ಕಲ್ಲಾಗುತ್ತಾರೆ. ಮೈ ನೋಯುವುದು ಕೂರುವುದರಿಂದ ಮಾತ್ರವಲ್ಲ, ಅಲುಗದೆ ಕೂರುವುದರಿಂದ.

1994ರಲ್ಲಿ ಅಮೆರಿಕದಲ್ಲಿ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ರೂಪಿಸಿದ ‘ಏರಾನ್’ ಕುರ್ಚಿ ಸ್ಪಂಜನ್ನು ಕಿತ್ತುಹಾಕಿ ಗಾಳಿಯಾಡುವ ಬಲೆಯನ್ನು ಬಿಗಿಯಿತು. ಜಗತ್ತು ಅದನ್ನು ಹೊಸದೆಂದು ಕೊಂಡಾಡಿತು. ಬೆತ್ತದ ಕುರ್ಚಿಯಲ್ಲಿ ಮಧ್ಯಾಹ್ನ ಕಳೆದ ನಮ್ಮ ಅಜ್ಜಂದಿರಿಗೆ ಆ ಸುಖ ಗೊತ್ತಿದ್ದದ್ದೇ.

ಕೊಳ್ಳುವ ಮುನ್ನ

ಇನ್ನು ಚಾವಡಿಯ ಪ್ರಶ್ನೆ. ಬೆನ್ನು ಎತ್ತರವಿದ್ದು ರೆಕ್ಸಿನ್ ಹೊದೆಸಿದ ‘ಸಾಹೇಬರ ಕುರ್ಚಿ’ ಕಂಡ ತಕ್ಷಣ ಮನಸೋಲಬೇಡಿ. ಅದು ಹುದ್ದೆಗೆ ಮಾಡಿದ್ದು, ದೇಹಕ್ಕಲ್ಲ. ಅಂಗಡಿಯಲ್ಲಿ ಕಾಲು ಗಂಟೆಯಾದರೂ ಕುಳಿತು ನೋಡಿ. ಪಾದ ಪೂರ್ತಿಯಾಗಿ ನೆಲ ಮುಟ್ಟಬೇಕು, ತೊಡೆ ನೆಲಕ್ಕೆ ಸಮವಾಗಿರಬೇಕು. ಬೆನ್ನು ಒರಗಿಸಿ ಕುಳಿತಾಗ ಮೊಣಕಾಲಿನ ಹಿಂಬದಿಗೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗವಿರಲಿ. ಪರದೇಶದ ಅಳತೆಯ ಕುರ್ಚಿಗಳು ನಮ್ಮವರಿಗೆ, ಅದರಲ್ಲೂ ಹೆಂಗಸರಿಗೆ, ಈ ಎರಡರಲ್ಲೇ ಸೋಲುವುದು. ಭಾರತೀಯರ ಮೈ ಅಳತೆಗಳನ್ನು ವಿನ್ಯಾಸಕಾರರಿಗಾಗಿ ಒಟ್ಟುಗೂಡಿಸಿದ ದೇಬ್‌ಕುಮಾರ್ ಚಕ್ರವರ್ತಿಯವರ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹೊರತಂದದ್ದೇ 1997ರಲ್ಲಿ.

ಬೆನ್ನಿನ ಆಧಾರ ಸೊಂಟದ ಒಳಬಾಗಿಗೆ ಸರಿಯಾಗಿ ಕೂರಬೇಕು, ತುಸು ಹಿಂದಕ್ಕೆ ಒರಗಲು ಬಿಡಬೇಕು. ಮೊಣಕೈ ಮೇಜಿನ ಎತ್ತರಕ್ಕೆ ಬರಬೇಕು. ಕುರ್ಚಿಯ ಕೈಗಳು ಮೇಜಿಗೆ ತಾಗಿ ನಿಮ್ಮನ್ನು ದೂರ ನಿಲ್ಲಿಸುವಂತಿರಬಾರದು. ಚಕ್ರವಿದ್ದರೆ ಬುಡದಲ್ಲಿ ಐದು ಕವಲುಗಳಿರಲಿ, ನಾಲ್ಕಿದ್ದರೆ ಮಗುಚುವ ಭಯ. ನಮ್ಮ ಸೆಕೆಗೆ ರೆಕ್ಸಿನ್‌ಗಿಂತ ಬಲೆ ಅಥವಾ ಬೆತ್ತ ಮೇಲು. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿಟ್ಟು, ಬೇರೆ ಕೀಲಿಮಣೆ ಜೋಡಿಸಿಕೊಂಡರೆ ಕತ್ತು ಬಗ್ಗಿಸುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಏಳಿ. ಕೂತಲ್ಲೇ ಕೂರುವ ಹೊತ್ತನ್ನು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹೊಸ ಕುರ್ಚಿಗೆ ಹಣವಿಲ್ಲವೆ? ಸಾಹೇಬರ ಆ ಟವೆಲ್ಲನ್ನು ಸುರುಳಿ ಸುತ್ತಿ ಸೊಂಟದ ಹಿಂದೆ ಇಡಿ. ಪಾದ ನೆಲಕ್ಕೆ ತಾಗದಿದ್ದರೆ ಅಟ್ಟದಲ್ಲಿರುವ ಹಳೆಯ ಮಣೆ ತಂದು ಕಾಲಡಿಗೆ ಹಾಕಿ.

ಇಷ್ಟು ಹೇಳಿ ಹೊರಟವನು ದಾರಿಯ ಪಕ್ಕದ ಸಣ್ಣ ಮನೆಯ ಮುಂದೆ ನಿಂತೆ. ಜಗಲಿಯ ಗೋಡೆಗೆ ಒರಗಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಅಕ್ಕ ಒಬ್ಬರು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ಸುರುಳಿ ಸುತ್ತು, ನೂಲು ಕಟ್ಟು. ಕೂಲಿಯ ಲೆಕ್ಕ ಸಾವಿರಕ್ಕೆ. ಎದ್ದರೆ ಎಣಿಕೆ ತಪ್ಪುತ್ತದೆ, ಹಾಗಾಗಿ ಏಳುವುದಿಲ್ಲ. ನಿಂತು ದುಡಿಯುವವರಿಗೆ ಕೂರಲು ಅನುಕೂಲವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿದವು. ನಿಂತೇ ಇರುವ ಶಕ್ತಿ, 1604ರಿಂದ ನಿಂತಿರುವ ನಮ್ಮ ತಾಲೂಕಿನ ವೇಣೂರಿನ ಗೊಮ್ಮಟನಿಗೆ ಇರಬಹುದು, ಮನುಷ್ಯರಿಗಿಲ್ಲ. ಮನೆಯಲ್ಲಿ ಬೀಡಿ ಕಟ್ಟುವವರನ್ನೂ 1966ರ ಬೀಡಿ ಕಾರ್ಮಿಕರ ಕಾಯ್ದೆ ಕಾರ್ಮಿಕರೆಂದು ಒಪ್ಪಿತು. ಆದರೆ ಅವರ ಬೆನ್ನಿಗೆ ಏನು ಆಸರೆ ಎಂಬ ಮಾತು ಯಾರ ಜಗಲಿಗೂ ಬಂದು ಮುಟ್ಟಿಲ್ಲ.

‘ಸೊಂಟ ನೋಯುವುದಿಲ್ಲವಾ ಅಕ್ಕ?’ ಎಂದೆ. ‘ನೋಯದೆ ಉಂಟಾ? ರಾತ್ರಿ ಎಣ್ಣೆ ಹಚ್ಚುವುದು’ ಎಂದು ನಕ್ಕರು. ಚಾವಡಿಯಲ್ಲಿ ಒಂಬತ್ತು ಗಂಟೆ, ಜಗಲಿಯಲ್ಲೂ ಹತ್ತಿರ ಹತ್ತಿರ ಅಷ್ಟೇ. ಒಂದು ಬೆನ್ನಿಗೆ ಕುರ್ಚಿಯ ಚರ್ಚೆ, ಇನ್ನೊಂದಕ್ಕೆ ಎಣ್ಣೆ. ಕೂರುವ ಎತ್ತರದಲ್ಲಿ ಅಂತಸ್ತು ಅಳೆಯುವ ಹಳೆಯ ಲೆಕ್ಕ ನಮ್ಮ ನಡುವೆ ಇನ್ನೂ ಮುಗಿದಿಲ್ಲ. ಕುರ್ಚಿ ಆರಿಸುವಾಗ ಹುದ್ದೆಯನ್ನು ಬಿಟ್ಟು ಬೆನ್ನನ್ನು ಕೇಳಬೇಕು ಎಂಬುದು ನಿಜವಾದರೆ, ಆ ಮಾತನ್ನು ಎಲ್ಲರ ಬೆನ್ನಿಗೂ ಅನ್ವಯಿಸಬೇಕಲ್ಲವೆ?