ಕೋಡಿಹಳ್ಳಿ ಸೀಮೆಯ ಚರಿತ್ರೆಗೆ ಆಧಾರಗಳು

ಕೋಡಿಹಳ್ಳಿ ಹೋಬಳಿಯ ವಿದ್ಯಾರ್ಥಿಯು ಕಾಲೇಜಿನ ಸಭೆಯಲ್ಲಿ ತನ್ನ ಸೀಮೆಯ ಚರಿತ್ರೆಯನ್ನು ಕುರಿತು ಭಾಷಣ ಮಾಡಬೇಕಾದಲ್ಲಿ, ಅವನಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದು. ಇಂದಿನ ಕನಕಪುರವು ಹಳೆಯ ಗ್ರಂಥಗಳಲ್ಲಿ ಕಾನಕಾನಹಳ್ಳಿ, ರಾಮನಗರವು ಕ್ಲೋಸ್‌ಪೇಟೆ. ದಿವಾನ್ ಪೂರ್ಣಯ್ಯನವರು 1800ರಲ್ಲಿ ಕಟ್ಟಿಸಿದ ಆ ಪೇಟೆಗೆ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರು ಬಂದಿತು. ರಾಮನಗರ ಜಿಲ್ಲೆಯು ಏರ್ಪಟ್ಟುದು 2007ರಲ್ಲಿ. ಅದಕ್ಕೆ ಶತಮಾನದ ಹಿಂದೆ ಅಚ್ಚಾದ ಸಂಪುಟಗಳಲ್ಲಿ ಈ ತಾಲ್ಲೂಕುಗಳೆಲ್ಲವೂ ಬೆಂಗಳೂರು ಜಿಲ್ಲೆಯೊಳಗಿವೆ. ಇದನ್ನರಿಯದೆ ಹೊಸ ಹೆಸರುಗಳಿಂದಲೇ ಅರಸುವವನು ಬರಿಗೈಯಲ್ಲಿ ಹಿಂದಿರುಗಿ, ತನ್ನ ಸೀಮೆಗೆ ಚರಿತ್ರೆಯೇ ಇಲ್ಲವೆಂದು ಭ್ರಮಿಸುವನು.

ಹೆಸರುಗಳ ಗಂಟು ಬಿಚ್ಚಿದ ಬಳಿಕ ಗ್ರಂಥಗಳ ಕ್ರಮವು ಸುಲಭವಾದುದು. ಬಿ. ಎಲ್. ರೈಸರ ಮೈಸೂರು ಗೆಜೆಟಿಯರು (1897ರ ಪರಿಷ್ಕರಣ) ದಾರಿಯನ್ನು ತೋರತಕ್ಕುದು; ಶಾಸನಗಳು ಪ್ರಮಾಣವನ್ನು ಒದಗಿಸತಕ್ಕವು. ರೈಸರೇ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಕಾನಕಾನಹಳ್ಳಿ, ಮಾಗಡಿ, ಚನ್ನಪಟ್ಟಣ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರು ಸಂಖ್ಯೆಯೊಡನೆ ದೊರೆಯುವುವು. ಚನ್ನಪಟ್ಟಣದ ಮಳೂರಿನ ಸುತ್ತಿನ ಚೋಳರ ಕಾಲದ ತಮಿಳು ಶಾಸನಗಳನ್ನು ಕಂಡವನಿಗೆ, ಈ ನಾಡಿನ ಪೂರ್ವವೃತ್ತಾಂತವು ಒಂದೇ ಭಾಷೆಯಲ್ಲಿ ಬರೆಯಲ್ಪಟ್ಟುದಲ್ಲವೆಂಬುದು ಸ್ಪಷ್ಟವಾಗುವುದು.

ಶಾಸನವು ಬಹುಮಟ್ಟಿಗೆ ದಾನವನ್ನೂ ದಾನಿಯನ್ನೂ ಹೇಳುವುದೇ ಹೊರತು ದುಡಿಯುವವನ ಬಾಳನ್ನು ಹೇಳುವುದು ಅಪೂರ್ವ. ಆ ಕೊರತೆಯನ್ನು ಪ್ರವಾಸಿಯ ಬರಹವು ಕೆಲಮಟ್ಟಿಗೆ ನೀಗುವುದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಮಾಗಡಿ ಸೀಮೆಯ ಕಬ್ಬಿಣದ ಕುಲುಮೆಗಳನ್ನೂ, ಚನ್ನಪಟ್ಟಣದ ಗಾಜಿನ ಬಳೆಗಳನ್ನೂ, ಅಲ್ಲಿ ತಯಾರಾಗಿ ದೂರದೇಶಗಳಿಗೆ ಹೋಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಗಳನ್ನೂ ವರ್ಣಿಸಿರುವನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಗ್ರಂಥದಲ್ಲಿ ಊರ ಹೆಸರುಗಳು ಅವನ ಕಿವಿಗೆ ಬಿದ್ದ ರೂಪದಲ್ಲಿರುವುದರಿಂದ, ಅವುಗಳನ್ನು ಉಚ್ಚರಿಸಿ ನೋಡಿಯೇ ಗುರುತಿಸಬೇಕು.

ಇನ್ನು ಉಳಿದುದು ಹಿರಿಯರ ಬಾಯಿಮಾತು. ಸಾವನದುರ್ಗವು ಕಾರ್ನ್‌ವಾಲೀಸನ ಸೇನೆಗೆ ವಶವಾದುದು 1791ರ ಡಿಸೆಂಬರ್ 21ರಂದು. ತಿಥಿಯನ್ನು ಗೆದ್ದವರ ಲೇಖದಿಂದ ಪಡೆಯಬಹುದು. ಬೆಟ್ಟದ ತಪ್ಪಲಿನ ಹಳ್ಳಿಗಳ ನೆನಪನ್ನು ಮಾತ್ರ ಹಳ್ಳಿಗಳಲ್ಲಿಯೇ ಕೇಳಬೇಕು. ಆದರೆ ಐತಿಹ್ಯವನ್ನು ಐತಿಹ್ಯವೆಂದೂ, ಶಾಸನವನ್ನು ಶಾಸನವೆಂದೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳುವುದು ಯುಕ್ತ.

ಭಾಷಣಕ್ಕೆ ದೊರೆಯುವ ಕಾಲವು ಅಲ್ಪ. ಆದುದರಿಂದ ಪ್ರಶ್ನೆಯೊಂದನ್ನು ಆರಿಸಿ, ಅದಕ್ಕೊಂದು ಶಾಸನ, ಒಂದು ಗ್ರಂಥ, ಒಂದು ಐತಿಹ್ಯ ಇವಿಷ್ಟನ್ನು ತೂಗಿ ನೋಡಿದರೆ ಸಾಕು. ವೇದಿಕೆಯಿಂದ ಆಡಿದ ನಿರಾಧಾರವಾದ ಮಾತು ಮರುವರ್ಷವೇ ಊರಿನ ಸ್ಥಳಪುರಾಣವಾಗುವುದು; ಅನಂತರ ಬಂದವನು ಅದನ್ನೇ ಆಧಾರವೆಂದು ಎತ್ತಿ ಹೇಳುವನು.