ತಾಲ್ಲೂಕು ಕಚೇರಿಯ ಸರ್ವರ್: ‘ಭೂಮಿ’ ಯೋಜನೆಯ ಜಾಲವ್ಯವಸ್ಥೆಯ ಚರಿತ್ರೆ

ಜಮೀನಿನ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆಯ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಲಂಚ ತಗ್ಗಿದ್ದನ್ನು, ರೈತನಿಗೆ ಸಮಯ ಉಳಿದದ್ದನ್ನು ಕುರಿತವು. ಅವು ಮುಖ್ಯ ವಿಷಯಗಳೇ. ಆದರೆ ಆ ಬದಲಾವಣೆಗೆ ಆಧಾರವಾಗಿದ್ದ ಯಂತ್ರವ್ಯವಸ್ಥೆಯ ಕಡೆಗೆ ನಮ್ಮ ಚರಿತ್ರೆಕಾರರ ಗಮನ ಹರಿದದ್ದು ಕಡಿಮೆ. ಸರ್ವರ್ ಯಾವ ಊರಿನಲ್ಲಿತ್ತು, ಅದಕ್ಕೆ ಯಾರು ಲಾಗಿನ್ ಆಗಬಹುದಿತ್ತು, ಒಂದೇ ಸರ್ವೆ ನಂಬರನ್ನು ಇಬ್ಬರು ಏಕಕಾಲಕ್ಕೆ ತಿದ್ದಲು ಹೊರಟರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳನ್ನು ತಾಂತ್ರಿಕ ವಿವರಗಳೆಂದು ಬದಿಗಿಡುವಂತಿಲ್ಲ. ಭೂಮಿಯ ಯಶಸ್ಸಿಗೂ ಮುಂದೆ ಅದರ ಸುತ್ತ ಎದ್ದ ವಿವಾದಕ್ಕೂ ಸರ್ವರ್ ಇದ್ದ ಜಾಗವೇ ಬಹುಮಟ್ಟಿಗೆ ಕಾರಣ ಎಂಬುದು ಈ ಲೇಖನದ ವಾದ.

ಮೊದಲು ಹಿನ್ನೆಲೆ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಈಥರ್‌ನೆಟ್ ಹುಟ್ಟಿತು. ಹತ್ತು ವರ್ಷಗಳ ನಂತರ ಅಮೆರಿಕದ ನೋವೆಲ್ ಕಂಪನಿ ನೆಟ್‌ವೇರ್ ಹೊರತಂದಿತು. ದುಬಾರಿ ಹಾರ್ಡ್ ಡಿಸ್ಕನ್ನೂ ಪ್ರಿಂಟರನ್ನೂ ಹಲವು ಪಿ.ಸಿ.ಗಳು ಹಂಚಿಕೊಳ್ಳಬೇಕು, ಆದರೆ ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದು. ಈ ಕಾವಲು ಕೆಲಸವೇ ನೆಟ್‌ವರ್ಕ್ ಆಪರೇಟಿಂಗ್ ಸಿಸ್ಟಂನ ತಿರುಳು. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಇದೇ ಕಣಕ್ಕೆ ಇಳಿಯಿತು. ಬೆಂಗಳೂರು ಈ ಬೆಳವಣಿಗೆಗಳಿಂದ ದೂರವಿರಲಿಲ್ಲ. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಒಂದು. 1990ರ ದಶಕದಲ್ಲಿ ನೋವೆಲ್ ಕೂಡ ಇಲ್ಲಿ ತಂತ್ರಾಂಶ ಅಭಿವೃದ್ಧಿ ಕೇಂದ್ರ ತೆರೆಯಿತು. ಆದರೂ ಜಾಲವ್ಯವಸ್ಥೆ ಕನ್ನಡದ ರೈತನ ಬದುಕನ್ನು ನೇರವಾಗಿ ತಟ್ಟಿದ್ದು ಈ ಸಂಸ್ಥೆಗಳ ಮೂಲಕ ಅಲ್ಲ, ಕಂದಾಯ ಇಲಾಖೆಯ ಮೂಲಕ.

ವಂಶಪಾರಂಪರ್ಯ ಶಾನುಭೋಗಿಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಕೊನೆಗೊಂಡರೂ ಪಹಣಿ ಪುಸ್ತಕ ಒಬ್ಬ ವ್ಯಕ್ತಿಯ ವಶದಲ್ಲೇ ಉಳಿಯಿತು. ಶಾನುಭೋಗರ ಬದಲು ಗ್ರಾಮ ಲೆಕ್ಕಿಗರು ಬಂದರು, ಅಷ್ಟೆ. ಮೂರು ನಾಲ್ಕು ಹಳ್ಳಿಗಳಿಗೊಬ್ಬರಂತೆ ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು. ಬೆಳೆಸಾಲಕ್ಕೆ, ಜಾಮೀನಿಗೆ, ಕೋರ್ಟಿಗೆ ಪಹಣಿ ಬೇಕೆಂದರೆ ಅವರು ಸಿಗುವವರೆಗೆ ಕಾಯಬೇಕಿತ್ತು. ಒಂಬತ್ತನೇ ಕಾಲಮ್ಮಿನಲ್ಲಿ ಖಾತೆದಾರರ ಹೆಸರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ. ಇವುಗಳಲ್ಲಿ ಒಂದು ಹೆಸರು ಹೊಡೆದುಹೋದರೆ ಯಾರು, ಯಾವಾಗ ಹೊಡೆದರೆಂದು ತಿಳಿಯುವ ದಾರಿ ಇರಲಿಲ್ಲ.

ಕಂಪ್ಯೂಟರೀಕರಣದ ಮೊದಲ ಯತ್ನ ಕರ್ನಾಟಕದಲ್ಲಿ 1991ರಲ್ಲಿ ಕೇಂದ್ರ ಸರ್ಕಾರದ ಪೂರ್ಣ ನೆರವಿನಿಂದ ಒಂದು ಜಿಲ್ಲೆಯಲ್ಲಿ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೆ ತಾಲ್ಲೂಕಿನಲ್ಲಿ ಕಂಪ್ಯೂಟರ್ ಇಡಲು ಆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ನಮೂದು, ಆಗುವುದು ತಾಲ್ಲೂಕು, ಹೋಬಳಿಗಳಲ್ಲಿ. ದತ್ತಾಂಶ ಸೇರಿದ್ದು ಅಲ್ಲಿಂದ ದೂರ. ಒಮ್ಮೆ ನಮೂದಿಸಿದ ಮಾಹಿತಿ ಮೊದಲ ಕ್ರಯಪತ್ರಕ್ಕೇ ಹಳತಾಗುತ್ತಿತ್ತು. ಆ ಸೋಲಿಗೆ ಯಂತ್ರದ ಸಾಮರ್ಥ್ಯಕ್ಕಿಂತ ಅದನ್ನಿಟ್ಟ ಜಾಗವೇ ಕಾರಣವೆಂದು ನಾನು ನಂಬುತ್ತೇನೆ.

ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದೊಂದಿಗೆ ಬಂದ ಭೂಮಿ ಸರಿಪಡಿಸಿದ್ದು ಇದನ್ನೇ. 177 ತಾಲ್ಲೂಕುಗಳಿಗೂ ತಮ್ಮ ತಮ್ಮ ಸರ್ವರ್ ಬಂತು. ವಿಂಡೋಸ್ ಎನ್‌ಟಿ ಕುಟುಂಬದ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್, ಕ್ಲೈಂಟ್ ಯಂತ್ರಗಳಲ್ಲಿ ವಿಷುಯಲ್ ಬೇಸಿಕ್ಕಿನಲ್ಲಿ ಬರೆದ ಪ್ರೋಗ್ರಾಮು, ಕನ್ನಡಕ್ಕೆ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಹೀಗೆ ಗಣಕಕ್ಕೆ ಏರಿದವು. ತಾಲ್ಲೂಕಿನಲ್ಲಿ ಹೊಸ ವ್ಯವಸ್ಥೆ ಚಾಲೂ ಆದೊಡನೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ಹಿಂದಕ್ಕೆ ಹೋಗುವ ದಾರಿಯನ್ನು ಮುಚ್ಚಿದ ಈ ತೀರ್ಮಾನಕ್ಕೆ ಬೇಕಾದ ಎದೆಗಾರಿಕೆಯನ್ನು ಮೆಚ್ಚಲೇಬೇಕು.

ಕ್ಲೈಂಟ್-ಸರ್ವರ್ ಮಾದರಿಯೇ ಏಕೆ ಬೇಕಿತ್ತು? ಅಂದಿನ ಕಚೇರಿಗಳಿಗೆ ಹೆಚ್ಚು ಪರಿಚಿತವಾಗಿದ್ದದ್ದು ಕಡತ ಹಂಚಿಕೆ. ಸರ್ವರಿನಲ್ಲಿ ಡಿಬೇಸ್ ಅಥವಾ ಫಾಕ್ಸ್‌ಪ್ರೋ ಕಡತ ಇರುತ್ತಿತ್ತು. ಹುಡುಕಾಟ, ತಿದ್ದುಪಡಿ ಎಲ್ಲ ಮೇಜಿನ ಮೇಲಿನ ಪಿ.ಸಿ.ಯ ಕೆಲಸ. ಕಡತದ ಭಾಗಗಳು ತಂತಿಯ ಮೇಲೆ ಹಾದುಬರುತ್ತಿದ್ದವು; ತಿದ್ದುವ ನಡುವೆ ಕರೆಂಟು ಹೋದರೆ ಸೂಚಿಯೇ ಕೆಡುವ ಅಪಾಯವಿತ್ತು. ಕಡತ ತೆರೆಯಲು ಅನುಮತಿ ಇದ್ದವರು ಪ್ರೋಗ್ರಾಮನ್ನು ಬದಿಗಿಟ್ಟು ನೇರವಾಗಿಯೂ ಅದನ್ನು ತಿದ್ದಬಹುದಿತ್ತು. ಕ್ಲೈಂಟ್-ಸರ್ವರ್ ಮಾದರಿಯಲ್ಲಿ ಮೇಜಿನ ಯಂತ್ರ ಕೇಳುವುದು ಒಂದು ಪ್ರಶ್ನೆಯನ್ನು ಮಾತ್ರ: ಇಂಥ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರು, ಇಂಥ ಹಿಸ್ಸಾ. ಉತ್ತರವಾಗಿ ಆ ಒಂದು ದಾಖಲೆ ಬರುತ್ತದೆ. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರನ್ನು ತಡೆಯುವುದು ಸರ್ವರ್. ಕೆಲಸ ಅರ್ಧಕ್ಕೆ ನಿಂತರೆ ಮೊದಲಿದ್ದ ಸ್ಥಿತಿಗೆ ಮರಳಿಸುವುದೂ ಅದೇ. ಕರೆಂಟು ಹೋಗಿಬರುವ ತಾಲ್ಲೂಕು ಕೇಂದ್ರಗಳಲ್ಲಿ, ಅದೂ ಜಮೀನಿನ ಹಕ್ಕಿನ ವಿಷಯದಲ್ಲಿ, ಬೇರೆ ಮಾದರಿ ನಿಲ್ಲುತ್ತಿರಲಿಲ್ಲ.

ಲಾಗಿನ್ನಿನ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಚೇರಿಗಳಲ್ಲಿ ಪಾಸ್‌ವರ್ಡ್ ಗುಟ್ಟಾಗಿ ಉಳಿಯುವುದು ಅಪರೂಪ. ಸಾಹೇಬರು ಸಭೆಯಲ್ಲಿದ್ದಾರೆ, ಕೆಲಸ ನಿಲ್ಲಬಾರದು ಎಂದು ಚೀಟಿಯಲ್ಲಿ ಬರೆದು ಕೊಟ್ಟುಬಿಡುತ್ತಾರೆ. ಭೂಮಿಯಲ್ಲಿ ಬೆರಳಚ್ಚು ಕೊಟ್ಟರೆ ಮಾತ್ರ ಒಳಗೆ ಪ್ರವೇಶ. ಹಾಗಾಗಿ ಪ್ರತಿ ತಿದ್ದುಪಡಿಯೂ ಒಬ್ಬ ಗುರುತಿಸಬಹುದಾದ ನೌಕರನ ಹೆಸರಿಗೆ ಅಂಟಿಕೊಂಡಿತು. ಪಹಣಿ ಕೊಡುವ ಕಿಯೋಸ್ಕಿನಲ್ಲಿ ಎರಡನೇ ಪರದೆಯೊಂದು ರೈತನ ಕಡೆಗೆ ಮುಖ ಮಾಡಿತ್ತು. ಆಪರೇಟರ್ ಟೈಪು ಮಾಡುತ್ತಿರುವುದನ್ನು ರೈತ ಅಲ್ಲೇ ನಿಂತು ನೋಡಬಹುದಿತ್ತು; ತಂದೆಯ ಹೆಸರು ತಪ್ಪಾಗಿದ್ದರೆ ಆಗಲೇ ಹೇಳಬಹುದಿತ್ತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಮ್ಯುಟೇಷನ್ನಿಗೆ ಬಂದ ಅರ್ಜಿಗಳನ್ನು ಬಂದ ಸರದಿಯಲ್ಲೇ ಕೈಗೆತ್ತಿಕೊಳ್ಳುವಂತೆ ತಂತ್ರಾಂಶ ಕಟ್ಟುಹಾಕಿತ್ತು. ನೋಟಿಸು ಮುದ್ರಣ, ತಕರಾರಿಗೆ 30 ದಿನದ ಅವಧಿ, ಕಂದಾಯ ನಿರೀಕ್ಷಕರ ಆದೇಶ, ಆ ಆದೇಶದ ಸ್ಕ್ಯಾನ್ ಪ್ರತಿ, ಇವೆಲ್ಲ ಒಂದರ ಹಿಂದೊಂದು ನಡೆಯಬೇಕಿತ್ತು. ಸರದಿ ತಪ್ಪಿಸುವ ಅಧಿಕಾರವನ್ನು ನೌಕರನ ಕೈಯಿಂದ ತೆಗೆದದ್ದನ್ನೇ ನಾನು ಇಡೀ ವ್ಯವಸ್ಥೆಯ ದೊಡ್ಡ ಸಾಧನೆ ಎನ್ನುತ್ತೇನೆ.

ಮುಂದೆ ತಾಲ್ಲೂಕುಗಳು ರಾಜ್ಯವ್ಯಾಪಿ ಜಾಲಕ್ಕೆ ಸೇರಿದವು, ದತ್ತಾಂಶ ಬೆಂಗಳೂರಿನ ಕೇಂದ್ರಕ್ಕೆ ಬಂತು. ನೋಂದಣಿ ಇಲಾಖೆಯ ‘ಕಾವೇರಿ’ ಜೊತೆ ಕೊಂಡಿ ಬೆಸೆಯಿತು. ಕ್ರಯ ನೋಂದಣಿಯಾದರೆ ಅದರ ಮಾಹಿತಿಯುಳ್ಳ ‘ಜೆ ಸ್ಲಿಪ್’ ತಾನಾಗಿಯೇ ಭೂಮಿಗೆ ಬರುವಂತಾಯಿತು. ಯಾವ ಊರಿನ ಪಹಣಿಯನ್ನಾದರೂ ಎಲ್ಲಿಂದಲಾದರೂ ಪಡೆಯುವ ಅನುಕೂಲ ದೊಡ್ಡದು. ಅದಕ್ಕೆ ತೆತ್ತ ಬೆಲೆಯೂ ಇದೆ. ತಾಲ್ಲೂಕಿನಲ್ಲೇ ಸರ್ವರ್ ಇದ್ದಾಗ ಒಂದು ಕಡೆಯ ದೋಷ ಒಂದು ತಾಲ್ಲೂಕಿಗೆ ಸೀಮಿತವಾಗಿತ್ತು. ಈಗ ಕೇಂದ್ರದಲ್ಲಿ ತೊಡಕಾದರೆ ‘ಸರ್ವರ್ ಡೌನ್’ ಎಂಬ ಉತ್ತರ ಎಲ್ಲ ಕಡೆಯೂ ಒಟ್ಟಿಗೆ ಕೇಳಿಬರುತ್ತದೆ.

ಬೆಂಗಳೂರು ಉತ್ತರದಲ್ಲಿ ಈ ಚರಿತ್ರೆ ಬೇರೆಯದೇ ಬಣ್ಣ ಪಡೆಯುತ್ತದೆ. ಆರ್.ಟಿ. ನಗರದಂಥ ಬಡಾವಣೆಗಳಲ್ಲಿ ಹೊಲಗದ್ದೆಗಳ ಕಾಲ ಎಂದೋ ಮುಗಿದಿದೆ. ಸರ್ವೆ ನಂಬರುಗಳು ಹಳೆಯ ಪತ್ರಗಳಲ್ಲಿ ಉಳಿದಿವೆ. ಯಲಹಂಕ, ಜಾಲ, ಹೆಸರಘಟ್ಟ ಹೋಬಳಿಗಳಲ್ಲಿ ಹಾಗಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯುವ ಹೊತ್ತಿಗೆ ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ರಸ್ತೆಯ ಎರಡೂ ಬದಿಯ ಖುಷ್ಕಿ ಜಮೀನು ಚಿನ್ನದ ಬೆಲೆಗೆ ಏರಿತ್ತು. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ತಮ್ಮ ಅಧ್ಯಯನದಲ್ಲಿ, ಬೆಂಗಳೂರಿನ ಅಂಚಿನ ಭೂಮಾರುಕಟ್ಟೆಯಲ್ಲಿ ಈ ವ್ಯವಸ್ಥೆ ಸಣ್ಣ ಹಿಡುವಳಿದಾರರಿಗಿಂತ ದೊಡ್ಡ ಖರೀದಿದಾರರಿಗೆ ಹೆಚ್ಚು ಒದಗಿತೆಂದು ವಾದಿಸಿದರು. ಹಳ್ಳಿಯವರಿಗಷ್ಟೇ ಗೊತ್ತಿದ್ದ ಹಿಡುವಳಿ ವಿವರ ಒಂದೆಡೆ ಸುಲಭವಾಗಿ ಸಿಕ್ಕರೆ ಅದನ್ನು ಬಳಸಿಕೊಳ್ಳುವ ಹಣಬಲ ಯಾರಿಗಿದೆಯೋ ಅವರದೇ ಮೇಲುಗೈ ಎಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ಹಳೆಯ ಪುಸ್ತಕದ ಕಾಲದಲ್ಲಿ ಸಣ್ಣ ರೈತ ಹೆಚ್ಚು ಸುರಕ್ಷಿತನಾಗಿದ್ದನೆಂದು ನಾನು ಒಪ್ಪಲಾರೆ. ಪೌತಿ ಖಾತೆಗಾಗಿ ವರ್ಷಗಟ್ಟಲೆ ಅಲೆದ ವಿಧವೆಯರಿಗೆ ಆ ಪುಸ್ತಕ ಯಾವ ರಕ್ಷಣೆಯನ್ನೂ ಕೊಡಲಿಲ್ಲ.

ಸಂಶೋಧಕರು ಹಳೆಯ ಕಡತಗಳಿಗಾಗಿ ಪತ್ರಾಗಾರಕ್ಕೆ ಹೋಗುತ್ತಾರೆ. 2000ದ ಸುಮಾರಿನ ತಾಲ್ಲೂಕು ಸರ್ವರುಗಳ ಡಿಸ್ಕುಗಳು, ಬ್ಯಾಕಪ್ ಟೇಪುಗಳು, ತಂತ್ರಾಂಶದ ಹಳೆಯ ಆವೃತ್ತಿಗಳು, ಆಪರೇಟರುಗಳಿಗೆ ಕೊಟ್ಟ ಕನ್ನಡ ಕೈಪಿಡಿಗಳೂ ಅಷ್ಟೇ ತೂಕದ ಆಕರಗಳು. ಜಿಸ್ಟ್ ಕಾಲದ ಕನ್ನಡ ಪಠ್ಯ ಯೂನಿಕೋಡಿಗೆ ಬದಲಾಗದೆ ಇಂದಿನ ಯಂತ್ರಗಳಲ್ಲಿ ಓದಲು ಸಿಗುವುದಿಲ್ಲ. ಆ ಕೆಲಸ ಬಲ್ಲವರು ನಮ್ಮ ನಡುವೆ ಇರುವಾಗಲೇ ಅದು ಆಗಬೇಕು. ಕಂದಾಯ ಇಲಾಖೆ ಮತ್ತು ರಾಜ್ಯ ಪತ್ರಾಗಾರ ಇಲಾಖೆ ಸೇರಿ ಇಂಥ ಸಾಮಗ್ರಿ ಎಲ್ಲೆಲ್ಲಿ ಉಳಿದಿದೆ ಎಂಬ ಪಟ್ಟಿಯನ್ನು ಯಲಹಂಕದಂಥ ಒಂದು ತಹಶೀಲ್ದಾರ್ ಕಚೇರಿಯಿಂದಲಾದರೂ ಮಾಡಲು ತೊಡಗಬೇಕು, ಹಳೆಯ ಯಂತ್ರಗಳನ್ನು ಹರಾಜಿಗೆ ಇಡುವ ಮುನ್ನ ಅವುಗಳೊಳಗಿನ ದಾಖಲೆಯನ್ನು ಕಾಪಿಟ್ಟುಕೊಳ್ಳಬೇಕು.